ದಿನಕ್ಕೊಂದು ಅಂಕ

ಆಗ ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಮಕ್ಕಳ ಬಾಯಲ್ಲಿ ಡ್ರಿಲ್ ಮಾಸ್ಟ್ರು. ಎಂಬತ್ತರ ದಶಕ ಅರ್ಧ ದಾಟಿತ್ತು, ನನಗೆ ಇಪ್ಪತ್ತೊಂಬತ್ತು ವರ್ಷ. ಹುಟ್ಟಿದ್ದು ಕಾಪುವಿನಲ್ಲಿ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರು, ನನ್ನವರೆಂದು ಅಲ್ಲಿ ಉಳಿದದ್ದು ಮದುವೆಯಾದ ಅಕ್ಕ ಒಬ್ಬಳೇ. ಕಾರ್ಕಳದಲ್ಲಿ ಒಂದು ಬಾಡಿಗೆ ಕೋಣೆ, ಹಳೆಯ ಮೋಟಾರ್ ಸೈಕಲ್, ಕೊರಳಲ್ಲಿ ವಿಸಿಲ್, ಇಷ್ಟು ನನ್ನ ಸಂಸಾರ. ಬೆಳಿಗ್ಗೆ ಐದಕ್ಕೆದ್ದು ಕೋಣೆಯಿಂದ ಮೈದಾನದವರೆಗೂ ಓಡಿ, ಮೈದಾನದಲ್ಲಿ ಮತ್ತೆ ಹತ್ತು ಸುತ್ತು ಓಡುತ್ತಿದ್ದೆ. ಜ್ವರ ಬಂದರೂ ತಪ್ಪಿಸುತ್ತಿರಲಿಲ್ಲ. ಆಡುವಾಗ ಮಕ್ಕಳು ಬಿದ್ದರೆ ನಾನು ಹೇಳುತ್ತಿದ್ದದ್ದು ಒಂದೇ ಮಾತು. "ಏಳು, ಏನೂ ಆಗ್ಲಿಲ್ಲ." ಅದು ಧೈರ್ಯ ತುಂಬುವ ಮಾತೆಂದು ನಾನು ನಂಬಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ವಾಲಿಬಾಲ್ ನೆಟ್ ತರಲು ಉಡುಪಿಗೆ ಹೊರಟೆ. ಅಲ್ಲಿಂದ ಕಾಪುವಿಗೆ ಹೋಗಿ ಭಾನುವಾರ ಅಕ್ಕನ ಮನೆಯಲ್ಲಿ ಕಳೆಯುವ ಯೋಚನೆ. ಹಿರಿಯಡ್ಕ ದಾಟಿ ಸ್ವಲ್ಪ ಮುಂದೆ ಹೋದಾಗ ಒಂದು ಕರು ರಸ್ತೆಗೆ ಅಡ್ಡ ಬಂತು. ಅದನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿದೆ, ರಸ್ತೆಯಂಚಿನ ಕೆಂಪು ಜಲ್ಲಿಯ ಮೇಲೆ ಚಕ್ರ ಜಾರಿತು. ನಾನು ಬಿದ್ದೆ, ಗಾಡಿ ನನ್ನ ಬಲ ತೊಡೆಯ ಮೇಲೆ ಬಿತ್ತು. ಕರು ಅಲ್ಲೇ ನಿಂತು ನೋಡುತ್ತಿತ್ತು. ಏಳು, ಏನೂ ಆಗ್ಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಗೋ ಗಾಡಿಯನ್ನು ಸರಿಸಿ ಎದ್ದೂ ಎದ್ದೆ. ಬಲಗಾಲಿನ ಮೇಲೆ ಭಾರ ಹಾಕಿದ್ದೇ ತಡ, ಮೊಣಕಾಲಿಲ್ಲದ ಜಾಗದಲ್ಲಿ ಕಾಲು ಮಡಚಿಕೊಂಡಿತು.

ಹತ್ತಿರದ ಅಂಗಡಿಯವರು ಓಡಿ ಬಂದು, ಬಾಗಿಲಿಗೆ ಹಾಕುವ ಮರದ ಹಲಗೆಯನ್ನೇ ತೆಗೆದು ಅದರ ಮೇಲೆ ನನ್ನನ್ನು ಮಲಗಿಸಿ, ಒಂದು ಜೀಪಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ಎಕ್ಸ್‌ರೇ ನೋಡಿದರು. ತೊಡೆಯ ಮೂಳೆ ಎರಡು ತುಂಡಾಗಿ ಒಂದರ ಪಕ್ಕ ಒಂದು ಸರಿದಿದೆ, ಮೊಣಕಾಲಿನ ಕೆಳಗೆ ಉಕ್ಕಿನ ಕಡ್ಡಿ ತೂರಿಸಿ ಹಗ್ಗ ಕಟ್ಟಿ ತೂಕ ತೂಗುಬಿಡುತ್ತೇವೆ, ಹನ್ನೆರಡು ವಾರ ಮಲಗಿರಬೇಕು ಎಂದರು. ಹನ್ನೆರಡು ವಾರವೇ ಎಂದು ನಾನು ಕೇಳಿದೆ. ಕಡಿಮೆ ಅಂದರೆ ಹನ್ನೆರಡು ಎಂದರು.

ಮಂಚದ ಕಾಲ ಬದಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ಇಟ್ಟಿದ್ದರು. ಹಗ್ಗ ರಾಟೆಯ ಮೇಲಿನಿಂದ ಇಳಿದು ಕೆಳಗೆ ತೂಕಗಳು ನೇತಾಡುತ್ತಿದ್ದವು. ಮಗ್ಗುಲಾಗುವಂತಿಲ್ಲ. ಊಟ, ಸ್ನಾನ, ಉಳಿದದ್ದೆಲ್ಲ ಅದೇ ಮಂಚದಲ್ಲಿ, ಬೇರೆಯವರ ಕೈಯಿಂದ. ಮೊದಲ ಒಂಬತ್ತು ದಿನ ಅಕ್ಕ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದಳು. ಆಮೇಲೆ ಅವಳಿಗೂ ಮನೆ ಇತ್ತು, ಹಾಸಿಗೆ ಹಿಡಿದ ಅತ್ತೆ ಇದ್ದರು. ಭಾನುವಾರ ಬರುತ್ತೇನೆ ಎಂದು ಹೇಳಿ ಹೋದಳು, ಹೇಳಿದಂತೆ ಪ್ರತಿ ಭಾನುವಾರ ಕುಚ್ಚಲಕ್ಕಿ ಗಂಜಿ, ಬಂಗುಡೆ ಮೀನಿನ ಸಾರು ಹಿಡಿದು ಬಸ್ಸಿನಲ್ಲಿ ಬಂದಳು. ಉಳಿದ ಆರು ದಿನ ನನ್ನವು.

ಆ ಆರು ದಿನಗಳಲ್ಲಿ ಕಷ್ಟವಾಗುತ್ತಿದ್ದದ್ದು ಸಂಜೆ ನಾಲ್ಕರಿಂದ ಆರು. ನೋಡಲು ಬರುವವರಿಗೆ ಬಿಡುವ ಹೊತ್ತು ಅದು. ವಾರ್ಡಿನ ಬಾಗಿಲು ತೆರೆದ ಕೂಡಲೇ ಚೀಲ, ಊಟದ ಕ್ಯಾರಿಯರ್, ಮಲ್ಲಿಗೆ ಹೂವಿನ ಪರಿಮಳ, ಮಕ್ಕಳ ಸದ್ದು ಎಲ್ಲ ಒಟ್ಟಿಗೆ ಒಳಗೆ ಬರುತ್ತಿತ್ತು. ತುಳು, ಕೊಂಕಣಿ, ಬ್ಯಾರಿ ಮಾತು ಮಂಚ ಮಂಚದ ಸುತ್ತ ಕೇಳುತ್ತಿತ್ತು. ಶಾಲೆಯ ಸಹೋದ್ಯೋಗಿಗಳು ಮೊದಲ ವಾರ ಗುಂಪಾಗಿ ಬಂದು ಹೋದರು, ಮತ್ತೆ ಬರಲಿಲ್ಲ. ನನ್ನ ಮಂಚದ ಪಕ್ಕದ ಸ್ಟೂಲನ್ನು ಬೇರೆಯವರು ಕೇಳಿ ಒಯ್ಯುತ್ತಿದ್ದರು. ನಾಲ್ಕು ಹೊಡೆದ ಕೂಡಲೇ ನಾನು ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಮಲಗಲು ಕಲಿತೆ.

ಮೂರನೆಯ ವಾರ ಒಬ್ಬ ವೈದ್ಯಕೀಯ ವಿದ್ಯಾರ್ಥಿ ನನ್ನ ಬಳಿಗೆ ಬಂದ. ಕನ್ನಡಕ, ಉದ್ದ ಕೈಯ ಬಿಳಿ ಕೋಟು, ಕೈಯಲ್ಲಿ ಪುಸ್ತಕ. ರೋಗಿಯ ವಿವರ ಬರೆದುಕೊಂಡು ಹೋಗಿ ಒಪ್ಪಿಸಬೇಕಿತ್ತು. ಒತ್ತಿ ಒತ್ತಿ ಕನ್ನಡದಲ್ಲಿ ಕೇಳಿದ, "ನೋವು ಉಂಟಾ? ಎಲ್ಲಿ? ಎಷ್ಟು ದಿನ ಆಯ್ತು?" ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವನ ಮುಖ ಸಡಿಲವಾಯಿತು. ತನಗೆ ಗೊತ್ತಿರುವ ಕನ್ನಡ ಅಷ್ಟೇ, ತುಳುವಿನಲ್ಲಿಯೂ 'ಬೇನೆ ಉಂಡಾ' ಎಂದು ಕೇಳಲು ಬರುತ್ತದೆ, ಅದರಾಚೆ ರೋಗಿಗಳು ಹೇಳುವುದು ಅರ್ಧ ತಿಳಿಯುವುದಿಲ್ಲ ಎಂದ. ಅವನು ಮಲೇಷ್ಯಾದವನು, ಅಜ್ಜನ ಕಾಲದಲ್ಲಿ ತಮಿಳುನಾಡಿನಿಂದ ಪೆನಾಂಗಿಗೆ ಹೋದ ಕುಟುಂಬ. ಮರುದಿನ ಸಂಜೆ ನಾಲ್ಕಕ್ಕೆ, ಕೋಟು ಇಲ್ಲದೆ, ಬಿಟ್ಟುಹೋದ ಪ್ರಶ್ನೆಗಳಿವೆ ಎಂದು ಮತ್ತೆ ಬಂದ. ಪ್ರಶ್ನೆ ಎರಡೇ ಇದ್ದವು. ಕೂತದ್ದು ಆರರವರೆಗೆ. ಹಾಸ್ಟೆಲಿನಲ್ಲಿ ಆ ಹೊತ್ತಿಗೆ ಎಲ್ಲರೂ ಕ್ರಿಕೆಟ್ ಆಡಲು ಹೋಗುತ್ತಾರೆ, ತನ್ನನ್ನು ಯಾರೂ ಕರೆಯುವುದಿಲ್ಲ ಎಂದು ಹೊರಡುವಾಗ ಹೇಳಿದ. ವಾರ್ಡಿನ ಎಲ್ಲರಂತೆ ನಾನೂ ಅವನನ್ನು 'ಡಾಕ್ಟ್ರೇ' ಎಂದೇ ಕರೆಯುತ್ತಿದ್ದೆ. ಅವನು ನನ್ನನ್ನು 'ಸರ್' ಎನ್ನುತ್ತಿದ್ದ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ಆ ವಾರದ ಕೊನೆಗೆ ಅವನು ಒಂದು ರಟ್ಟಿನ ಪೆಟ್ಟಿಗೆ ತಂದ. ಇಂಗ್ಲೆಂಡಿನಲ್ಲಿ ಓದುವ ಅವನ ಅತ್ತಿಗೆಯ ತಮ್ಮ ಕೊಟ್ಟದ್ದಂತೆ. ಒಳಗೆ ಒಂದು ನಿಯಮಗಳ ಪುಸ್ತಕ, ಬಗೆಬಗೆಯ ದಾಳಗಳು. ನಾಲ್ಕು ಮುಖದ್ದು, ಎಂಟರದ್ದು, ಇಪ್ಪತ್ತರದ್ದು. ಪಗಡೆಯಂತೆ ಇದಕ್ಕೆ ಮನೆ, ಕಾಯಿ ಇರಲಿಲ್ಲ. ಒಬ್ಬ ಕತೆ ಹೇಳಬೇಕು: ನೀನೊಬ್ಬ ಯೋಧ, ಹಳೆಯ ಕೋಟೆಯ ಬಾಗಿಲಲ್ಲಿ ನಿಂತಿದ್ದಿ, ಒಳಗೆ ಏನೋ ಸದ್ದು. ಇನ್ನೊಬ್ಬ ತನ್ನ ಯೋಧ ಏನು ಮಾಡುತ್ತಾನೆಂದು ಹೇಳಬೇಕು. ಅದು ನಡೆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಮೊದಲ ದಿನ ನನಗೆ ಇದು ಮಕ್ಕಳಾಟ ಅನ್ನಿಸಿತು. ಆದರೆ ಅವನು ದಾಳಗಳನ್ನು ನನ್ನ ಎದೆಯ ಮೇಲಿಟ್ಟ ಊಟದ ತಟ್ಟೆಯಲ್ಲಿ ಹಾಕಿದ. ಮೂರು ವಾರದಿಂದ ಕೈ ಬೇರೇನೂ ಮಾಡಿರಲಿಲ್ಲ. ಎಸೆದೆ.

ನನ್ನ ಯೋಧನ ಗುಣಗಳನ್ನು ದಾಳವೇ ನಿರ್ಧರಿಸಿತು. ಬುದ್ಧಿ ಸಾಧಾರಣ ಬಂತು. ಮೈಯ ಗಟ್ಟಿತನ ಹದಿನೆಂಟಕ್ಕೆ ಹದಿನಾರು. ಕೇಳಿ ನನಗೆ ಖುಷಿಯಾಯಿತು, ಯಾರೋ ಮೈದಡವಿ ಹೊಗಳಿದಂತೆ. ಆ ಗಟ್ಟಿತನದ ಲೆಕ್ಕದಲ್ಲಿ ಅವನಿಗೆ ಮೂವತ್ತೆಂಟು ಜೀವದ ಅಂಕಗಳು ಸಿಕ್ಕಿದವು. ಏಟು ಬಿದ್ದಷ್ಟೂ ಅಂಕ ಕಡಿಮೆಯಾಗುತ್ತದೆ, ಸೊನ್ನೆಗೆ ಬಂದರೆ ಸಾವು. ವಿಶ್ರಾಂತಿ ತೆಗೆದುಕೊಂಡರೆ ದಿನಕ್ಕೊಂದು ಅಂಕ ವಾಪಸು.

ನನಗೆ ಒಂದು ಸಂಶಯ ಬಂತು. ಮೂವತ್ತೆಂಟರಲ್ಲಿ ಮೂವತ್ತೇಳು ಹೋದವನು ಹೇಗೆ ಹೋರಾಡುತ್ತಾನೆ ಎಂದು ಕೇಳಿದೆ. ಮೊದಲಿನ ಹಾಗೆಯೇ ಎಂದ. ಓಡಬಹುದೇ? ಓಡಬಹುದು. ಗೋಡೆ ಹತ್ತಬಹುದೇ? ಹತ್ತಬಹುದು. ಒಂದು ಅಂಕ ಉಳಿದಿರುವವರೆಗೆ ಅವನಿಗೆ ಏನೂ ಆಗಿಲ್ಲ, ನಿಯಮ ಹಾಗಿದೆ. ಆಗ ನಾನು ಹೆಚ್ಚು ಯೋಚಿಸಲಿಲ್ಲ. ನನ್ನ ಯೋಧ ಏಟು ತಿನ್ನುತ್ತ, ಬೀಳುತ್ತ, ಏಳುತ್ತ ನಾಲ್ಕೈದು ದಿನ ಆ ಕೋಟೆಯೊಳಗೆ ಓಡಾಡಿದ. ನಾನೂ ಅವನ ಜೊತೆ ಓಡಿದೆ.

ಪಕ್ಕದ ಮಂಚದಲ್ಲಿ ನಲವತ್ತರ ಆಸುಪಾಸಿನ ಒಬ್ಬರಿದ್ದರು. ತೆಂಗಿನಕಾಯಿ ಕೀಳುವ ಕೆಲಸದವರು, ಹಿರಿಯಡ್ಕದ ಕಡೆಯವರು. ಮರದಿಂದ ಬಿದ್ದು ಬೆನ್ನುಮೂಳೆಗೆ ಏಟಾಗಿ ಸೊಂಟದಿಂದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರಿಗೆ ಇಂಗ್ಲಿಷ್ ಬಾರದು, ಆದರೆ ದಾಳ ತಟ್ಟೆಗೆ ಬೀಳುವ ಸದ್ದಿಗೆ ಕತ್ತು ಹೊರಳಿಸಿ ನೋಡುತ್ತಿದ್ದರು. ಒಂದು ಸಂಜೆ ನನ್ನ ಯೋಧ ನಲವತ್ತು ಅಡಿ ಎತ್ತರದ ಬುರುಜಿನಿಂದ ಕೆಳಗೆ ಹಾರಬೇಕಾಗಿ ಬಂತು. ಹತ್ತು ಅಡಿಗೆ ಒಂದರಂತೆ ನಾಲ್ಕು ದಾಳ ಹಾಕಿ, ಬಂದಷ್ಟು ಅಂಕ ಕಳೆಯಬೇಕು ಎಂದು ವಿದ್ಯಾರ್ಥಿ ಹೇಳಿದ. ಹಾಕಿದೆವು. ಹದಿಮೂರು ಹೋಯಿತು, ಇಪ್ಪತ್ತೈದು ಉಳಿಯಿತು, ಯೋಧ ಎದ್ದು ಮಣ್ಣು ಕೊಡವಿಕೊಂಡು ಓಡಿದ.

ಅಣ್ಣ ತುಳುವಿನಲ್ಲಿ ನನ್ನನ್ನು ಕೇಳಿದರು, ಅದೆಂತದು ಮಾಸ್ಟ್ರೇ, ಏನಾಯ್ತು ಎಂದು. ನಾನು ವಿವರಿಸಿದೆ. ಮರದಿಂದ ಬಿದ್ದರೂ ಹಾಗೆಯೇ ಲೆಕ್ಕವೇ ಎಂದರು. ಹೌದು ಎಂದೆ. ನಾನು ಬಿದ್ದದ್ದೂ ಅಷ್ಟೇ ಎತ್ತರ ಎಂದು ಹೇಳಿ ಅಣ್ಣ ಕೈ ಚಾಚಿದರು.

"ನನಗೊಮ್ಮೆ ಹಾಕಿ ನೋಡುವ."

ವಿದ್ಯಾರ್ಥಿ ಎದ್ದು ನಾಲ್ಕು ದಾಳಗಳನ್ನು ಅವರ ಅಂಗೈಯಲ್ಲಿಟ್ಟ. ಅವರು ಹೊದಿಕೆಯ ಮೇಲೆ, ತಮ್ಮ ತೊಡೆಯ ಮೇಲೆಯೇ ಎಸೆದರು. ಮೂರು, ಒಂದು, ನಾಲ್ಕು, ಎರಡು. ಹತ್ತು. ನಾನು ವಿದ್ಯಾರ್ಥಿಯ ಮುಖ ನೋಡಿದೆ. ಅವನು ಪುಸ್ತಕದ ಪ್ರಕಾರ ಸಾಧಾರಣ ರೈತನಿಗೋ ಕೂಲಿಯವನಿಗೋ ನಾಲ್ಕೈದು ಅಂಕಕ್ಕಿಂತ ಹೆಚ್ಚಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಪುಸ್ತಕದಲ್ಲಿ ಎದ್ದು ಓಡುವವರಿದ್ದರು, ಸತ್ತವರಿದ್ದರು. ಈ ಮಂಚದಲ್ಲಿ ಮಲಗಿದವರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಅಣ್ಣ ನನ್ನ ಬಾಯನ್ನೇ ನೋಡುತ್ತಿದ್ದರು. ನಿಮಗೂ ಮೂವತ್ತೆಂಟೇ ಇದ್ದದ್ದು, ಹತ್ತು ಹೋಯಿತು, ಎದ್ದು ಇನ್ನೊಂದು ಮರ ಹತ್ತಬಹುದಿತ್ತು ಎಂದು ನಾನು ಸುಳ್ಳು ಹೇಳಿದೆ.

"ಒಳ್ಳೆ ಪುಸ್ತಕ ಮಾರಾಯ್ರೆ," ಎಂದು ಅವರು ನಕ್ಕರು. ಆಮೇಲೆ ಕಾಲು ಹೊರಗುಂಟಾ ನೋಡಿ, ಹೊದಿಸಿ ಎಂದು ವಿದ್ಯಾರ್ಥಿಗೆ ಸನ್ನೆ ಮಾಡಿದರು. ಹೊದಿಕೆ ಸರಿದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವನು ಎರಡು ಪಾದಗಳನ್ನೂ ನಿಧಾನವಾಗಿ ಮುಚ್ಚಿದ. ಆ ದಿನ ಆಟ ಮುಂದುವರಿಯಲಿಲ್ಲ.

ಮರುದಿನ ಅವನು ಪೆಟ್ಟಿಗೆಯ ಜೊತೆ ಒಂದು ನೋಟ್‌ಪುಸ್ತಕವನ್ನೂ ತಂದ. ನಿಯಮವನ್ನು ನಾವೇ ಬೇರೆ ಬರೆಯೋಣ ಎಂದ. ಸುಮಾರು ಎರಡು ವಾರ ನಾವು ಮಾಡಿದ್ದು ಅದೇ ಕೆಲಸ. ಒಂದೇ ಏಟಿಗೆ ಕಾಲುಭಾಗದ ಮೇಲೆ ಅಂಕ ಹೋದರೆ ಅದು ಗಂಭೀರ ಗಾಯ ಎಂದು ಗೊತ್ತುಮಾಡಿದೆವು. ಆಗ ಇನ್ನೊಂದು ದಾಳ ಹಾಕಿ ಗಾಯ ಎಲ್ಲಿ ಎಂದು ನೋಡುವುದು. ಅಂಕ ತಿರುಗಿ ತುಂಬಿದರೂ ಗಾಯ ಹೋಗುವುದಿಲ್ಲ, ಅದಕ್ಕೆ ವಾರಗಳ ಬೇರೆ ಲೆಕ್ಕ. ಅವನು ಮೂಳೆಗಳ ಹೆಸರು ಹೇಳುತ್ತಿದ್ದ, ನಾನು ಆ ಮೂಳೆ ಮುರಿದರೆ ಕೂರಬಹುದೇ, ಕೆಮ್ಮಬಹುದೇ, ನಿದ್ದೆ ಬರುತ್ತದೆಯೇ ಎಂದು ವಾರ್ಡಿನ ಒಬ್ಬೊಬ್ಬರನ್ನೇ ಕೇಳಿ ಬರೆಸುತ್ತಿದ್ದೆ. ಭುಜ ಮುರಿದವರೊಬ್ಬರು ಅಂಗಿಯ ಗುಂಡಿ ಹಾಕಲಾಗದ ಕಷ್ಟವನ್ನೇ ಅರ್ಧ ಗಂಟೆ ಹೇಳಿದರು. ಅದನ್ನೂ ಬರೆದುಕೊಂಡೆವು.

ಗಟ್ಟಿತನದ ವಿಷಯದಲ್ಲಿ ನಮಗೆ ಒಪ್ಪಿಗೆಯಾಗಲಿಲ್ಲ. ಗಟ್ಟಿತನ ಹೆಚ್ಚಿದ್ದವನಿಗೆ ಮೂಳೆ ಬೇಗ ಕೂಡಬೇಕು ಎಂದು ಅವನ ವಾದ. ಹದಿನಾರಕ್ಕೆ ಕಡಿಮೆಯಿಲ್ಲದ ನಾನೇ ಬೇಗ ಕೂಡಿಸಿಕೊಳ್ಳಲಾರದೆ ಇಲ್ಲೇ ಮಲಗಿದ್ದೇನಲ್ಲ ಎಂದು ನಾನು ಹೇಳಿದೆ. ಹಾಗಾದರೆ ಗಟ್ಟಿತನ ಯಾವುದಕ್ಕೆ ಉಪಯೋಗ ಎಂದು ಅವನು ಕೇಳಿದ. ನನಗೆ ಹೊಳೆದದ್ದು ಬೇರೆಯೇ, ಅದನ್ನು ಅವನಿಗೆ ಹೇಳಿದೆ.

ಎರಡು ವರ್ಷ ಹಿಂದೆ ನನ್ನ ಶಾಲೆಯಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗಿ ತುಂಬ ಚೆನ್ನಾಗಿ ಓಡುತ್ತಿದ್ದಳು. ತಾಲೂಕು ಕ್ರೀಡಾಕೂಟದ ದಿನ ಉದ್ದ ಜಿಗಿತದಲ್ಲಿ ಅವಳ ಪಾದ ಹೊರಳಿತು. ಕೂತವಳು ಪಾದ ಹಿಡಿದುಕೊಂಡು ನನ್ನನ್ನು ನೋಡಿದಳು. ಏಳು, ಏನೂ ಆಗ್ಲಿಲ್ಲ ಎಂದೆ. ಒಂದು ಗಂಟೆ ಬಿಟ್ಟು ರಿಲೇ ಇತ್ತು, ಕೊನೆಯ ಓಟ ಅವಳದು. ಅವಳು ಓಡಿದಳು, ನಮ್ಮ ಶಾಲೆಗೆ ಕಪ್ ಬಂತು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಕಣಕಾಲಿನ ಮೂಳೆಯಲ್ಲಿ ಬಿರುಕಿತ್ತು, ಆರು ವಾರ ಪ್ಲಾಸ್ಟರ್ ಎಂದು ಯಾರೋ ಹೇಳಿದರು. ಅವಳು ಪರೀಕ್ಷೆಗೆ ಬಂದು ಬರೆದು ಹೋದಳು. ಮತ್ತೆ ಮೈದಾನಕ್ಕೆ ಇಳಿಯಲಿಲ್ಲ, ನಾನು ಹೋಗಿ ವಿಚಾರಿಸಲಿಲ್ಲ. ಒಂದು ಅಂಕ ಉಳಿದಿದ್ದರೂ ಏನೂ ಆಗಿಲ್ಲ ಎಂಬ ನಿಯಮ ಇಂಗ್ಲೆಂಡಿನ ಪೆಟ್ಟಿಗೆಯಲ್ಲಿ ಮಾತ್ರ ಬಂದದ್ದಲ್ಲ, ಆ ಮೈದಾನವನ್ನು ಏಳು ವರ್ಷ ನಾನು ಅದೇ ನಿಯಮದಲ್ಲಿ ನಡೆಸಿದ್ದೆ ಎಂದು ಅವನಿಗೆ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

ಹೊಸ ನಿಯಮದಲ್ಲಿ ಆಟ ಶುರುಮಾಡಿದ ಮೂರನೆಯ ದಿನವೇ ನನ್ನ ಯೋಧ ಒಂದು ಕಣಿವೆಯಲ್ಲಿ ಕುದುರೆಯಿಂದ ಬಿದ್ದ. ದಾಳ ತೊಡೆಯನ್ನೇ ತೋರಿಸಿತು. ವಿದ್ಯಾರ್ಥಿ ಗಾಬರಿಯಾಗಿ, ಇದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಹಾಕಿ ಎಂದ. ನಾನು ಒಪ್ಪಲಿಲ್ಲ. ಹಾಗಾದರೆ ಆಟವೇ ನಿಲ್ಲುತ್ತದಲ್ಲ, ಮಲಗಿದವನಿಗೆ ಯಾವ ಕತೆ ಎಂದು ಕೇಳಿದ. ಮಲಗಿದವನನ್ನು ನೋಡಲು ಯಾರಾದರೂ ಬರಬಹುದಲ್ಲ ಎಂದೆ.

ಹಾಗೆ ಯೋಧನನ್ನು ದಾರಿಯ ಪಕ್ಕದ ಒಂದು ಛತ್ರದಲ್ಲಿ ಮಲಗಿಸಿದೆವು. ದಿನವೂ ದಾಳ ಹಾಕಿ ಯಾರು ಬರುತ್ತಾರೆಂದು ನೋಡುತ್ತಿದ್ದೆವು. ಒಂದು ದಿನ ಗಂಜಿ ತಂದ ಮುದುಕಿ. ಒಂದು ದಿನ ತಾನು ಮಾಡದ ಯುದ್ಧಗಳ ಬಗ್ಗೆ ಸುಳ್ಳು ಹೇಳುವ ಸಿಪಾಯಿ. ಒಂದು ದಿನ ಬೇರೆ ಯಾರನ್ನೋ ನೋಡಲು ಬಂದು, ತಪ್ಪಿ ನನ್ನ ಯೋಧನ ಬಳಿ ಕೂತು, ತಪ್ಪಿದ್ದು ಗೊತ್ತಾದರೂ ಎದ್ದುಹೋಗದ ವ್ಯಾಪಾರಿ. ಎಲ್ಲರ ಮಾತನ್ನೂ ವಿದ್ಯಾರ್ಥಿಯೇ ಆಡುತ್ತಿದ್ದ, ಮುದುಕಿಗೆ ಒಂದು ದನಿ, ಸಿಪಾಯಿಗೆ ಒಂದು. ಕತ್ತಿ, ಕೋಟೆ ಎಲ್ಲ ಬಿಟ್ಟುಹೋಯಿತು. ಅಣ್ಣನಿಗೆ ನಾನು ಆಗಾಗ ತುಳುವಿನಲ್ಲಿ ಹೇಳುತ್ತಿದ್ದೆ, ಅವರಿಗೆ ಆ ಸಿಪಾಯಿ ಬಹಳ ಇಷ್ಟ. ನಾಲ್ಕು ಹೊಡೆದಾಗ ನಿದ್ದೆ ಬಂದವನಂತೆ ಮಲಗುವುದನ್ನು ನಾನು ಬಿಟ್ಟೆ.

ಎಂಟನೆಯ ವಾರ ಅಣ್ಣನನ್ನು ಮನೆಗೆ ಕರೆದುಕೊಂಡು ಹೋದರು. ಇನ್ನು ಇಲ್ಲಿ ಮಾಡುವುದೇನಿಲ್ಲ ಎಂದು ಡಾಕ್ಟರು ಅವರ ಹೆಂಡತಿಗೆ ಹೇಳಿದ್ದರು. ಸ್ಟ್ರೆಚರಿನಲ್ಲಿ ಹೋಗುವಾಗ ಅವರು ನನಗೆ ಕೈ ಮುಗಿದರು. ನನಗೂ ಎದ್ದು ಕೂರಲಾಗಲಿಲ್ಲ. ಆ ಮಂಚಕ್ಕೆ ಬಂದವರು ಮಾತಾಡುತ್ತಿರಲಿಲ್ಲ.

ಹತ್ತನೆಯ ವಾರದ ಒಂದು ಸಂಜೆ ವಿದ್ಯಾರ್ಥಿ ತಡವಾಗಿ ಬಂದ. ಪೆಟ್ಟಿಗೆ ತೆರೆದ, ದಾಳ ಹೊರತೆಗೆಯಲಿಲ್ಲ. ನಾನು ಎಂದಿನಂತೆ, "ಎಂತ ಡಾಕ್ಟ್ರೇ, ಇವತ್ತು ಯಾರು ಬರ್ತಾರೆ?" ಎಂದು ಕನ್ನಡದಲ್ಲೇ ಕೇಳಿದೆ. ಹಾಗೆ ಕರೆಯಬೇಡಿ ಎಂದ. ಪರೀಕ್ಷೆಯಲ್ಲಿ ಫೇಲಾಗಿತ್ತು. ಇದು ಎರಡನೆಯ ಸಲ. ಮೊದಲ ಸಲದ್ದನ್ನೂ ಮನೆಗೆ ತಿಳಿಸಿರಲಿಲ್ಲ, ಪಾಸಾಗಿದ್ದೇನೆಂದು ಬರೆದಿದ್ದ. ಅವನ ಜೊತೆ ಬಂದವರೆಲ್ಲ ಮುಂದಿನ ವರ್ಷಕ್ಕೆ ಹೋಗಿದ್ದರು, ಹಾಗಾಗಿ ಕ್ರಿಕೆಟಿಗೆ ಕರೆಯಲು ಯಾರೂ ಇರಲಿಲ್ಲ. ತನ್ನ ಅಪ್ಪ ಪೆನಾಂಗಿನಲ್ಲಿ ಎಲ್ಲರಿಗೂ ಮಗ ಡಾಕ್ಟರ್ ಎಂದೇ ಹೇಳುತ್ತಾರೆ ಎಂದ. ಹೇಳುತ್ತ ತನ್ನ ಎಡಗೈಯ ಉಗುರನ್ನು ಬಲಗೈಯಿಂದ ಒತ್ತುತ್ತಿದ್ದ.

ಇಷ್ಟೆಲ್ಲ ನಿಯಮ ಬರೆದವನು ನಾನು. ಆ ಹುಡುಗಿಯ ಕತೆಯನ್ನು ಅವನಿಗೆ ಹೇಳಿದವನೂ ನಾನೇ. ಆದರೂ ನನ್ನ ಬಾಯಿಂದ ಬಂದದ್ದು ಏಳು ವರ್ಷ ಮೈದಾನದಲ್ಲಿ ಆಡಿ ಪಳಗಿದ ಮಾತು.

"ಇದೆಲ್ಲ ಏನೂ ಅಲ್ಲ. ಎದ್ದು ಇನ್ನೊಮ್ಮೆ ಬರೆದರೆ ಆಯಿತು."

ಅವನು ನನ್ನನ್ನು ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ. ಹೌದು ಸರ್ ಎಂದು ಸ್ವಲ್ಪ ನಕ್ಕ, ಪೆಟ್ಟಿಗೆ ಮುಚ್ಚಿದ, ನನ್ನ ತೂಕದ ಹಗ್ಗ ರಾಟೆಯ ಮೇಲೆ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿ ಹೋದ. ಆರು ಗಂಟೆಗೆ ಇನ್ನೂ ಹೊತ್ತಿತ್ತು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾಲಿಗೆ ಕಡ್ಡಿ ಚುಚ್ಚಿ ಕಟ್ಟಿಹಾಕಿದವನು ಹುಡುಕಿಕೊಂಡು ಎಲ್ಲಿಗೆ ಹೋಗಲಿ? ವಾರ್ಡಿನ ನರ್ಸ್ ಶಿರ್ವದವರು, ಒಳ್ಳೆಯ ಹೆಂಗಸು. ಅವರ ಹತ್ತಿರ ಹೇಳಿದೆ. ವಿಚಾರಿಸುತ್ತೇನೆ ಎಂದರು. ನಾಲ್ಕನೆಯ ದಿನ ಔಷಧಿ ಕೊಡುವಾಗ ಹೇಳಿದರು, "ಆ ಹುಡುಗ ಊರಿಗೆ ಹೋದನಂತೆ ಮಾಸ್ಟ್ರೇ. ಪುಸ್ತಕ, ಹಾಸಿಗೆ ಎಲ್ಲ ಕಟ್ಟಿಕೊಂಡು. ಇನ್ನು ಬರ್ಲಿಕ್ಕಿಲ್ಲ."

ಉಳಿದ ದಿನಗಳನ್ನು ಹೇಗೆ ಕಳೆದೆನೆಂದು ಹೆಚ್ಚು ನೆನಪಿಲ್ಲ. ಹದಿಮೂರನೆಯ ವಾರ ಕಡ್ಡಿ ತೆಗೆದರು. ಮೂಳೆ ಕೂಡಿತ್ತು, ಆದರೆ ಬಲಗಾಲು ಒಂದೂಕಾಲು ಇಂಚು ಗಿಡ್ಡವಾಗಿತ್ತು. ಅಕ್ಕ ಬಂದು ಕಾಪುವಿಗೆ ಕರೆದುಕೊಂಡು ಹೋದಳು. ಮೂರು ತಿಂಗಳು ಊರುಗೋಲಿನಲ್ಲಿ ಅವಳ ಮನೆಯ ಜಗಲಿಯಿಂದ ತೋಟದ ಬಾವಿಯವರೆಗೆ, ಆಮೇಲೆ ಕಡಲ ಬದಿಯವರೆಗೆ ನಡೆಯಲು ಕಲಿತೆ. ಮರಳಿನಲ್ಲಿ ಊರುಗೋಲು ಹೂತುಹೋಗುತ್ತಿತ್ತು. ದೋಣಿ ಎಳೆಯುವವರು ಹಗ್ಗ ಬಿಟ್ಟು ನನ್ನನ್ನು ಹಿಡಿಯಲು ಬಂದರೆ ಬೇಡ, ಬೇಡ ಎನ್ನುತ್ತಿದ್ದೆ.

ಅಲ್ಲಿ ಒಬ್ಬನೇ ಆ ಆಟ ಆಡಲು ನೋಡಿದೆ. ದಾಳ ಇರಲಿಲ್ಲ. ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿ ಎತ್ತಿದೆ. ಏಳು ಬಂತು. ಯಾರೋ ಬರುತ್ತಾರೆಂದು ಅಂದುಕೊಂಡೆ. ಯಾರು ಬಂದರು, ಏನು ಹೇಳಿದರು ಎಂದು ನಾನೇ ಹೇಳಿ ನಾನೇ ಕೇಳಬೇಕಿತ್ತು. ಮುದುಕಿಯ ದನಿ ನನಗೆ ಬರಲಿಲ್ಲ. ಎರಡು ಸಂಜೆ ಪ್ರಯತ್ನಿಸಿ ಬಿಟ್ಟೆ. ಅಕ್ಕ ಆ ಡಬ್ಬಿಯಲ್ಲಿ ಸಾಸಿವೆ ಹಾಕಿದಳು.

ಕಾಲೇಜಿನ ಕಚೇರಿಗೆ ಬರೆದು ಕೇಳಿ, ಅವನ ಮನೆಯ ವಿಳಾಸ ತರಿಸಿಕೊಂಡು ಒಂದು ಪತ್ರ ಹಾಕಿದೆ. ಆ ದಿನ ಹಾಗೆ ಹೇಳಬಾರದಿತ್ತು ಎಂದಷ್ಟೇ ಬರೆಯಲು ಮೂರು ಹಾಳೆ ಹರಿದೆ. ಶಾಲೆ ತೆರೆದಾಗ ಕಾರ್ಕಳಕ್ಕೆ ಹೋದೆ. ಹೆಡ್‌ಮಾಸ್ಟ್ರು ಒಳ್ಳೆಯವರು, ನನಗೆ ಲೈಬ್ರರಿಯ ಕೆಲಸ ಕೊಟ್ಟರು. ಮೈದಾನಕ್ಕೆ ಬೇರೆಯವರು ಬಂದರು. ಕಪಾಟುಗಳ ನಡುವೆ ಕೂತು ಅವರ ವಿಸಿಲ್ ಕೇಳುತ್ತಿದ್ದೆ.

ಉತ್ತರ ಬಂದದ್ದು ಎಂಟು ತಿಂಗಳ ಮೇಲೆ. ಅವನು ತನ್ನ ಮಾವನ ಔಷಧಿ ಅಂಗಡಿಯಲ್ಲಿದ್ದ. ಅಪ್ಪ ಆರು ತಿಂಗಳು ಮಾತಾಡಿಸಲಿಲ್ಲವಂತೆ, ಈಗ ಊಟಕ್ಕೆ ಕರೆಯುತ್ತಾರಂತೆ. ನಿಮ್ಮ ಮಾತಿನಿಂದ ಹೊರಟು ಬಂದೆ ಎಂದು ತಿಳಿಯಬೇಡಿ, ಟಿಕೆಟ್ ಮೊದಲೇ ಮಾಡಿಸಿದ್ದೆ, ಹೇಳಿ ಹೋಗಲು ಬಂದದ್ದು ಎಂದು ಬರೆದಿದ್ದ. ಕೊನೆಗೆ ಹೀಗಿತ್ತು: ಆ ವಾರ್ಡಿನಲ್ಲಿ ದಿನಕ್ಕೆ ಇಪ್ಪತ್ತು ಮಂದಿಯನ್ನು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ, ಆ ದಿನ ನೀವು ಅದನ್ನು ನನಗೆ ಕೇಳಬಹುದೆಂದು ಅಂದುಕೊಂಡಿದ್ದೆ. ಪ್ರಶ್ನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದಲ್ಲೇ ಬರೆದಿದ್ದ. ನೋವು ಉಂಟಾ.

ನಾನು ಆ ಪತ್ರಕ್ಕೆ ಉತ್ತರ ಬರೆದೆ, ಇನ್ನೆರಡು ಬರೆದೆ. ಮತ್ತೆ ಅವನಿಂದ ಬರಲಿಲ್ಲ.

ಪತ್ರ ಬಂದ ವಾರದ ಕೊನೆಗೆ, ಶಾಲೆಯ ಹಳೆಯ ರಿಜಿಸ್ಟರಿನಲ್ಲಿ ಆ ಓಟಗಾರ್ತಿಯ ಮನೆ ಎಲ್ಲಿ ಎಂದು ನೋಡಿ ಹೊರಟೆ. ಕಾರ್ಕಳದಿಂದ ಬಸ್ಸಿನಲ್ಲಿ ಸ್ವಲ್ಪ ದೂರ, ಅಲ್ಲಿಂದ ಇಳಿಜಾರಿನ ಕಾಲುದಾರಿ. ಅವಳು ಅಮ್ಮನ ಜೊತೆ ಜಗಲಿಯಲ್ಲಿ ಕೂತು, ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನನ್ನ ನಡಿಗೆ ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಗುರುತು ಸಿಕ್ಕಿದ ಕೂಡಲೇ ಎದ್ದು ನಿಂತಳು. ಕೂತುಕೋ ಎಂದೆ. ಅವಳ ಅಮ್ಮ ಒಳಗಿಂದ ಬೆಲ್ಲ, ನೀರು ತಂದರು.

ಬಂದ ಕಾರಣ ಹೇಳುವುದು ಕಷ್ಟವಾಯಿತು. ಕೊನೆಗೆ ನೇರವಾಗಿಯೇ ಕೇಳಿದೆ, ಆ ದಿನ ಎಷ್ಟು ನೋವಿತ್ತು ಎಂದು.

"ಈಗ ಎಂತಕ್ಕೆ ಸರ್ ಅದೆಲ್ಲ?"

"ಆಗ ಕೇಳಲಿಲ್ಲ. ಅದಕ್ಕೆ."

ಅವಳು ಒಂದು ಬೀಡಿ ಎಲೆಯನ್ನು ಕತ್ತರಿಸಿದಳು. "ಓಡುವಾಗ ಅಷ್ಟು ಗೊತ್ತಾಗ್ಲಿಲ್ಲ. ಓಡಿ ಆದ ಮೇಲೆ ನೀವು ಕಪ್ ಹಿಡ್ಕೊಂಡು ಫೋಟೋಕ್ಕೆ ಹೋದ್ರಲ್ವಾ, ಆಗ ತುಂಬಾ ನೋವಾಯ್ತು." ಗೆಳತಿಯ ಹೆಗಲು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದದ್ದನ್ನು, ಮನೆಗೆ ಬರುವಷ್ಟರಲ್ಲಿ ಚಪ್ಪಲಿ ಕಾಲಿಗೆ ಹಿಡಿಸದಷ್ಟು ಬಾತದ್ದನ್ನು ಹೇಳಿದಳು. ಈಗಲೂ ಮಳೆಗಾಲದಲ್ಲಿ ಸ್ವಲ್ಪ ಬಾಯುತ್ತದಂತೆ. ದನಿಯಲ್ಲಿ ದೂರು ಇರಲಿಲ್ಲ. ಆಮೇಲೆ ಅಮ್ಮನನ್ನು ಒಮ್ಮೆ ನೋಡಿ ಹೇಳಿದಳು, "ನೀವು ನೋಡ್ಲಿಕ್ಕೆ ಬರ್ತೀರಿ ಅಂತ ಅಮ್ಮ ಪಕ್ಕದ ಮನೆಯಿಂದ ಒಂದು ಕುರ್ಚಿ ತಂದಿಟ್ಟಿದ್ರು. ಒಂದು ವಾರ ಇತ್ತು ಇಲ್ಲಿ. ಮತ್ತೆ ಅವರಿಗೆ ಬೇಕಾಯ್ತು."

ನನ್ನಿಂದ ತಪ್ಪಾಯಿತು ಎಂದೆ. ಅವಳು ತಲೆ ತಗ್ಗಿಸಿ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿದಳು. ನಾನು ಜಗಲಿಯ ಅಂಚಿನಲ್ಲಿ ಕಾಲು ಚಾಚಿ ಬಹಳ ಹೊತ್ತು ಕೂತಿದ್ದೆ. ಅವಳ ಅಮ್ಮ ಚಹಾ ಮಾಡಿ ಕೊಟ್ಟರು. ಎಲೆಯ ದರ, ಬಾವಿಯ ನೀರು ಇಳಿದದ್ದು, ಅಂಥದ್ದೇ ನಾಲ್ಕು ಮಾತಾಯಿತು.

ಹೊರಟಾಗ ಏರು ಉಂಟು ಎಂದು ಅವಳ ಅಮ್ಮ ರಸ್ತೆಯವರೆಗೆ ಬಂದರು. ಬಸ್ಸು ತಡವಾಯಿತು, ಕಾಯುತ್ತ ನನ್ನ ಕೋಣೆ ಎಲ್ಲಿ ಎಂದು ಕೇಳಿದರು. ನೀವು ಹೋಗಿ ಎಂದರೆ, ಇರ್ಲಿ ಎಂದು ನಿಂತೇ ಇದ್ದರು. ಬಸ್ಸು ಬಂದಾಗ ನನಗಿಂತ ಮೊದಲು ಮೆಟ್ಟಿಲ ಬಳಿ ಹೋಗಿ ಕಂಡಕ್ಟರಿಗೆ ಹೇಳಿದರು, ಮಾಸ್ಟ್ರಿಗೆ ಹೆಚ್ಚು ನಡೀಲಿಕ್ಕೆ ಆಗುವುದಿಲ್ಲ, ಅವರ ಕೋಣೆಯ ಓಣಿಯ ಹತ್ತಿರವೇ ನಿಲ್ಲಿಸಿ ಎಂದು. ಸ್ಟ್ಯಾಂಡಿನಿಂದ ನನ್ನ ಓಣಿಗೆ ಅರ್ಧ ಮೈಲು. ಪಕ್ಕದ ಸೀಟಿನವರೆಲ್ಲ ತಿರುಗಿ ನನ್ನ ಕಾಲನ್ನು ನೋಡಿದರು. ನಾನು ಬೇಡ ಎನ್ನಲಿಲ್ಲ.